ಮನೆಮಂದಿಯ ಆರೋಗ್ಯ: ತುರಿಕೆಯ ಬಾಯಿ ಕಟ್ಟಿದರೆ

ಮಳೆಗಾಲ ಬಂತೆಂದರೆ ನಮ್ಮ ನೌಪಾಡಾದ ಮನೆಗಳಲ್ಲಿ ಬಟ್ಟೆಯ ಹಗ್ಗಕ್ಕೆ ಬಿಡುವಿಲ್ಲ. ಗ್ಯಾಲರಿಯಲ್ಲೊಂದು ಹಗ್ಗ, ನಡುಮನೆಯಲ್ಲೊಂದು, ಅಡುಗೆಮನೆಯ ಬಾಗಿಲ ಮೇಲೊಂದು. ಅಷ್ಟಾದರೂ ಸೋಮವಾರ ಒಗೆದ ದಪ್ಪ ಬಟ್ಟೆ ಗುರುವಾರಕ್ಕೂ ಪೂರ್ತಿ ಒಣಗಿರುವುದಿಲ್ಲ. ಉಪ್ಪಿನಕಾಯಿಯ ಭರಣಿಯ ಬಾಯಿಗೆ ಬೂಷ್ಟು, ಚಪ್ಪಲಿಯ ಪಟ್ಟಿಗೆ ಬೂಷ್ಟು, ಕಪಾಟಿನಲ್ಲಿಟ್ಟ ಮದುವೆಯ ಸೀರೆಗೂ ಬೂಷ್ಟಿನ ವಾಸನೆ. ಇದನ್ನೆಲ್ಲ ನಮ್ಮ ತಾಯಂದಿರು ಎದುರಿಗೇ ಕಂಡು, ಒರೆಸಿ, ಬಿಸಿಲು ಬಿದ್ದ ಗಳಿಗೆ ನೋಡಿ ಹರವಿ, ಹೇಗೋ ಗೆಲ್ಲುತ್ತಾರೆ. ಆದರೆ ಅದೇ ಬೂಷ್ಟಿನ ದಾಯಾದಿಯೊಂದು ಮನೆಮಂದಿಯ ತೊಡೆಸಂದಿಯಲ್ಲೋ ಕಂಕುಳಲ್ಲೋ ಸೊಂಟದ ಸುತ್ತಲೋ ಬಂದು ಕುಳಿತರೆ ಮಾತ್ರ ಯಾರೂ ಯಾರಿಗೂ ಹೇಳುವುದಿಲ್ಲ. ಈ ಸಂಚಿಕೆಯಲ್ಲಿ ನಾವು ಮಾತಾಡಬೇಕೆಂದಿರುವುದು ಆ ಹೇಳದ ಮಾತನ್ನೇ.

ಊರಿನಲ್ಲಿ ನಾವು ಇದನ್ನು ಹುಳುಕಡ್ಡಿ ಎನ್ನುತ್ತೇವೆ. ನೆರೆಯ ಮರಾಠಿ ಬಾಂಧವರು ಗಜಕರ್ಣ ಎಂದೋ ನಾಯಟಾ ಎಂದೋ ಕರೆಯುತ್ತಾರೆ. ಹೆಸರಿನಲ್ಲಿ ಹುಳು ಇದ್ದರೂ ಹುಳುವಿಗೂ ಈ ರೋಗಕ್ಕೂ ಸಂಬಂಧವಿಲ್ಲ. ಇದು ಶಿಲೀಂಧ್ರದ ಕೆಲಸ; ಅಂದರೆ ಅಣಬೆ, ಬೂಷ್ಟುಗಳ ಕುಲಕ್ಕೆ ಸೇರಿದ ಅತಿ ಸೂಕ್ಷ್ಮವಾದ ಒಂದು ಜೀವಿಯ ಕೆಲಸ. ನಮ್ಮ ಚರ್ಮದ ಹೊರಪದರ, ಕೂದಲು, ಉಗುರುಗಳಲ್ಲಿರುವ ಕೆರಾಟಿನ್ ಎಂಬ ಪದಾರ್ಥವೇ ಅದಕ್ಕೆ ಆಹಾರ. ಬೆವರು, ಒದ್ದೆ, ಗಾಳಿಯಾಡದ ಬಿಗಿ ಉಡುಪು ಇವಿಷ್ಟು ಸಿಕ್ಕರೆ ಅದಕ್ಕೆ ಮತ್ತೇನೂ ಬೇಡ. ಬೆಳಗಿನ ಲೋಕಲ್ ಗಾಡಿಯಲ್ಲಿ ಠಾಣೆಯಿಂದ ಮುಂಬಯಿಗೆ ನಿಂತು ಹೋಗುವವರ ಮೈಗೆ ಇವು ಮೂರೂ ದಿನಕ್ಕೆರಡು ಸಲ ಪುಕ್ಕಟೆಯಾಗಿ ದೊರೆಯುತ್ತವೆ.

ಹಿಂದೆಯೂ ಹುಳುಕಡ್ಡಿ ಇತ್ತಲ್ಲ, ಸೀಮೆ ಅಗಸೆಯ ಸೊಪ್ಪು ಅರೆದು ಹಚ್ಚಿದರೆ, ಇಲ್ಲವೆ ಔಷಧದಂಗಡಿಯ ಮುಲಾಮು ನಾಲ್ಕು ದಿನ ಸವರಿದರೆ ಹೋಗುತ್ತಿತ್ತಲ್ಲ, ಈಗೇನು ಹೊಸತು ಎಂದು ಹಿರಿಯರು ಕೇಳಬಹುದು. ಹೊಸತು ಇದೆ. ಕಳೆದ ಹತ್ತು ಹನ್ನೆರಡು ವರ್ಷಗಳಲ್ಲಿ ನಮ್ಮ ದೇಶದಲ್ಲಿ ಈ ರೋಗ ತನ್ನ ನಡೆಯನ್ನೇ ಬದಲಿಸಿದೆ. ಒಂದು ಬಿಲ್ಲೆಯಷ್ಟಿದ್ದುದು ಈಗ ಹೊಟ್ಟೆ ಬೆನ್ನುಗಳಿಗೆಲ್ಲ ಹಬ್ಬುತ್ತದೆ. ಹೋದಂತೆ ಮಾಡಿ ಮರಳುತ್ತದೆ. ಒಬ್ಬರಿಂದ ಇಡೀ ಮನೆಗೆ ತಗಲುತ್ತದೆ. ಇದನ್ನು ತರುವ ಶಿಲೀಂಧ್ರದ ತಳಿಗೆ 2020ರಲ್ಲಿ ಜಪಾನಿನ ವಿಜ್ಞಾನಿಗಳು ಟ್ರೈಕೊಫೈಟಾನ್ ಇಂಡೋಟಿನಿಯೆ ಎಂದು ಹೆಸರಿಟ್ಟರು. ಅದನ್ನು ಅವರು ಬೇರ್ಪಡಿಸಿದ್ದು ಅಲ್ಲಿ ಚಿಕಿತ್ಸೆಗೆ ಬಂದಿದ್ದ ಒಬ್ಬ ಭಾರತೀಯ ಹಾಗೂ ಒಬ್ಬ ನೇಪಾಳಿ ರೋಗಿಯಿಂದ. 2023ರಲ್ಲಿ ನ್ಯೂಯಾರ್ಕಿನ ಇಬ್ಬರು ಮಹಿಳೆಯರಲ್ಲಿಯೂ ಅದು ಕಂಡುಬಂದಿತು. ಹೊಟ್ಟೆಪಾಡಿಗಾಗಿ ಊರು ಬಿಟ್ಟ ನಮ್ಮಂತೆ ಅದೂ ದೇಶಾಂತರ ಹೊರಟಿದೆಯೆನ್ನಬೇಕು. ಆದರೆ ಹೋದಲ್ಲೆಲ್ಲ ಅದು ಹೆಸರು ತರುತ್ತಿರುವುದು ನಮ್ಮ ದೇಶಕ್ಕೆ.

ಇದಕ್ಕೆ ಹೆಚ್ಚಾಗಿ ಬಳಸುವ ಟೆರ್ಬಿನಾಫಿನ್ ಎಂಬ ಔಷಧಿಗೂ ಈ ತಳಿ ಅನೇಕ ವೇಳೆ ಬಗ್ಗುವುದಿಲ್ಲ. ಶಿಲೀಂಧ್ರ ತನ್ನ ಪೊರೆಯನ್ನು ಕಟ್ಟಿಕೊಳ್ಳಲು ಬೇಕಾದ ಒಂದು ಕಿಣ್ವವನ್ನು ಆ ಔಷಧಿ ತಡೆಯುತ್ತದೆ. ಆ ಕಿಣ್ವದ ವಂಶವಾಹಿಯಲ್ಲಿ ಒಂದೇ ಒಂದು ಅಕ್ಷರ ಬದಲಾದರೂ ಸಾಕು, ಔಷಧಿಗೆ ಹಿಡಿತ ಸಿಗುವುದಿಲ್ಲ. ಶತ್ರು ತನ್ನ ಪುಸ್ತಕವನ್ನು ಹೀಗೆ ತಿದ್ದಿಕೊಂಡಿರುವಾಗ ನಮ್ಮ ಕಡೆಯ ಪುಸ್ತಕದಲ್ಲೇನಿದೆ, ಅದನ್ನು ನಾವು ಓದಗೊಡುತ್ತಿದ್ದೇವೆಯೆ ಎಂಬುದನ್ನು ನೋಡಬೇಕಲ್ಲವೆ?

ಮೈಯ ಹೊರಗೆ ಚರ್ಮವಾಗಿಯೂ, ಬಾಯಿ, ಮೂಗು, ಕರುಳುಗಳ ಒಳಗೆ ತೆಳುವಾದ ಪದರವಾಗಿಯೂ ನಮ್ಮನ್ನು ಹೊದಿಸಿರುವ ಜೀವಕೋಶಗಳಿವೆ. ಶಾಲೆಯ ಮಕ್ಕಳು ಇವನ್ನು ಅನುಲೇಪಕ ಅಂಗಾಂಶ ಎಂದು ಬಾಯಿಪಾಠ ಮಾಡುತ್ತಾರೆ. ಇವು ಗೋಡೆಯ ಇಟ್ಟಿಗೆಗಳಂತೆ ಸುಮ್ಮನೆ ಅಡ್ಡ ನಿಂತಿರುತ್ತವೆ, ಕಾದಾಡುವ ಕೆಲಸವೆಲ್ಲ ರಕ್ತದ ಬಿಳಿಯ ಕಣಗಳದು ಎಂದು ಬಹುಕಾಲ ತಿಳಿಯಲಾಗಿತ್ತು. ಈಚಿನ ಸಂಶೋಧನೆಗಳು ಈ ಎಣಿಕೆಯನ್ನು ಬದಲಿಸಿವೆ. ಪ್ರತಿಯೊಂದು ಕೋಶದ ನಡುವೆಯೂ ನಮ್ಮ ವಂಶದ ಪೂರ್ಣ ಗ್ರಂಥ ಇದೆ. ಪ್ರೋಟೀನುಗಳನ್ನು ಮಾಡುವ ವಿಧಾನ ಬರೆದ ಸುಮಾರು 20,000 ಪುಟಗಳು, ಅಂದರೆ ವಂಶವಾಹಿಗಳು, ಅದರಲ್ಲಿವೆ. ಅಜ್ಜಿಯ ಅಡುಗೆಯ ವಹಿಯಲ್ಲಿ ನೂರು ಬಗೆ ಇದ್ದರೂ ಯುಗಾದಿಯ ದಿನ ಹೋಳಿಗೆಯ ಪುಟವನ್ನಷ್ಟೇ ತೆರೆಯುವಂತೆ, ಕೋಶವೂ ಆ ಹೊತ್ತಿಗೆ ಬೇಕಾದ ಪುಟವನ್ನು ಮಾತ್ರ ತೆರೆದು, ಅದರ ನಕಲನ್ನು ಚೀಟಿಯಲ್ಲಿಳಿಸಿ ಒಳಗಿನ ಅಡುಗೆಮನೆಗೆ ಕಳುಹಿಸುತ್ತದೆ. ಶಿಲೀಂಧ್ರ ಬಂದು ತಾಕಿದಾಗ ಯಾವ ಯಾವ ಪುಟಗಳು ತೆರೆಯುತ್ತವೆ ಎಂಬುದೇ ಇಲ್ಲಿಯ ಸ್ವಾರಸ್ಯ.

ಇದನ್ನು ಚೆನ್ನಾಗಿ ಪರೀಕ್ಷಿಸಿದವರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜಿನ ಜೂಲಿಯನ್ ನಾಗ್ಲಿಕ್ ಮತ್ತು ಅವರ ಸಂಗಡಿಗರು ಮುಖ್ಯರು. ಅವರು ಆರಿಸಿಕೊಂಡದ್ದು ಹುಳುಕಡ್ಡಿಯ ಶಿಲೀಂಧ್ರವನ್ನಲ್ಲ, ಅದರ ದೂರದ ನಂಟನಾದ ಕ್ಯಾಂಡಿಡವನ್ನು. ಎಳೆಗೂಸಿನ ನಾಲಿಗೆಯ ಮೇಲೆ ಕೆಲವೊಮ್ಮೆ ಮೊಸರಿನ ಹೆಪ್ಪಿನಂತೆ ಬಿಳಿಯ ಪದರ ಕಟ್ಟುವುದು ಇದರಿಂದಲೇ. ಆರೋಗ್ಯವಂತರ ಬಾಯಲ್ಲಿಯೂ ಅನೇಕ ವೇಳೆ ಇದು ದುಂಡನೆಯ ಕಣವಾಗಿ, ಯಾರಿಗೂ ತೊಂದರೆ ಕೊಡದೆ ಇರುತ್ತದೆ. ಸಮಯ ಕಾದು ಉದ್ದನೆಯ ಎಳೆಯಾಗಿ ಬೆಳೆದು ಕೋಶದೊಳಕ್ಕೆ ನುಗ್ಗತೊಡಗಿದಾಗಲೇ ರೋಗ.

ಬಾಯಿಯ ಒಳಪದರದ ಕೋಶ ಈ ಎರಡು ವೇಷಗಳನ್ನೂ ಬೇರೆಬೇರೆಯಾಗಿ ಗುರುತಿಸುತ್ತದೆ ಎಂಬುದನ್ನು 2010ರಲ್ಲಿ ಈ ತಂಡ ತೋರಿಸಿತು. ನಮ್ಮ ಸೊಸಾಯಟಿಯ ವಾಚ್‌ಮನ್‌ನನ್ನು ನೆನೆಯಿರಿ. ಹಾಲಿನವ, ಪೇಪರಿನ ಹುಡುಗ ಬಂದರೆ ಒಂದು ಸಲ ತಲೆಯೆತ್ತಿ ನೋಡುತ್ತಾನೆ, ಅಷ್ಟೇ. ಯಾರಾದರೂ ಬೀಗಕ್ಕೆ ಕೈ ಹಾಕಿದರೆ ಸೀಟಿ ಊದುತ್ತಾನೆ. ಕೋಶವೂ ಹಾಗೆಯೇ: ದುಂಡು ಕಣ ತಾಕಿದಾಗ ಸಣ್ಣದೊಂದು ಎಚ್ಚರ, ಸ್ವಲ್ಪ ಹೊತ್ತಿಗೆ ಮತ್ತೆ ಶಾಂತ. ಎಳೆಗಳು ಹೆಚ್ಚಾಗಿ ಬಂದು ಒತ್ತಿದಾಗ ಎರಡನೆಯ ಎಚ್ಚರ; ಆಗ ಫಾಸ್ ಎಂಬ ಪ್ರೋಟೀನು ಕೋಶದ ನಡುವಿನ ಗ್ರಂಥದ ಬಳಿ ಕೂಡಿಕೊಳ್ಳುತ್ತದೆ. ಎನ್‌ಎಫ್-ಕಪ್ಪಾ-ಬಿ ಎಂಬ ಇನ್ನೊಂದು ಪ್ರೋಟೀನೂ ಜತೆಗೂಡುತ್ತದೆ. ಇವು ಪುಟ ತೆರೆಯುವ ಕೈಗಳು. ತೆರೆದ ಪುಟಗಳಿಂದ ಬಿಳಿಯ ರಕ್ತಕಣಗಳನ್ನು ಕೂಗಿ ಕರೆಯುವ ಸಂದೇಶಗಳು ಸಿದ್ಧವಾಗಿ ಹೊರಡುತ್ತವೆ.

ಕೋಶಕ್ಕೆ ನುಗ್ಗಾಟ ತಿಳಿಯುವುದು ಹೇಗೆ? ಇದಕ್ಕೆ ಉತ್ತರ 2016ರಲ್ಲಿ ದೊರೆಯಿತು. ಎಳೆಯ ರೂಪ ತಾಳಿದ ಕ್ಯಾಂಡಿಡ 31 ಅಮೈನೋ ಆಮ್ಲಗಳ ಒಂದು ಪುಟ್ಟ ವಿಷವನ್ನು ಸುರಿಸಿ ಕೋಶದ ಪೊರೆಯಲ್ಲಿ ತೂತು ಕೊರೆಯುತ್ತದೆ. ಅದಕ್ಕೆ ಕ್ಯಾಂಡಿಡಲೈಸಿನ್ ಎಂದು ಹೆಸರಿಟ್ಟರು. ಕಳ್ಳನ ಕನ್ನಗೋಲಿನ ಸದ್ದೇ ಕಾವಲುಗಾರನನ್ನು ಎಬ್ಬಿಸುವಂತೆ, ಆ ತೂತು ಕೊರೆಯುವ ಕೆಲಸವೇ ಕೋಶವನ್ನು ಎಬ್ಬಿಸುತ್ತದೆ.

ಚರ್ಮದ ಕೋಶಗಳೂ ಹುಳುಕಡ್ಡಿಯ ಶಿಲೀಂಧ್ರಕ್ಕೆ ಕೈಕಟ್ಟಿ ಕೂರುವುದಿಲ್ಲ. ಶಿಲೀಂಧ್ರಗಳನ್ನು ಕೊಲ್ಲಬಲ್ಲ ಡಿಫೆನ್ಸಿನ್‌ಗಳೆಂಬ ಪುಟ್ಟ ಪ್ರೋಟೀನುಗಳ ಪುಟ ತೆರೆಯುತ್ತವೆ. ಬಿಳಿಯ ಕಣಗಳನ್ನು ಕರೆಯುವ ಇಂಟರ್‌ಲ್ಯೂಕಿನ್ ಎಂಬ ಸಂದೇಶಗಳನ್ನು ಕಳುಹಿಸುತ್ತವೆ. ತಾವೇ ಬೇಗ ಬೇಗ ಬೆಳೆದು, ಶಿಲೀಂಧ್ರ ಕುಳಿತಿರುವ ಮೇಲ್ಪದರವನ್ನು ಹೊಟ್ಟಿನಂತೆ ಉದುರಿಸುತ್ತವೆ. ಕೆಂಪು, ಉರಿ, ತುರಿಕೆ, ಹೊಟ್ಟು ಎಂದು ನಾವು ಬೈದುಕೊಳ್ಳುವುದೆಲ್ಲ ಬಹುಮಟ್ಟಿಗೆ ಈ ಕಾದಾಟದ ಗದ್ದಲವೇ. ಹುಳುಕಡ್ಡಿಯ ಉಂಗುರವನ್ನು ನೋಡಿದರೆ ಇದು ಕಣ್ಣಿಗೇ ಕಾಣುತ್ತದೆ. ನಡುವೆ ಚರ್ಮ ತಿಳಿಯಾಗುತ್ತ ಬರುತ್ತದೆ. ಶಿಲೀಂಧ್ರ ಮುಂದೊತ್ತುತ್ತಿರುವ ಅಂಚಿನಲ್ಲಿ ಮಾತ್ರ ಕೆಂಪು ಏರಿ ಉಬ್ಬಿರುತ್ತದೆ. ಆ ಅಂಚೇ ರಣರಂಗ.

ಇಷ್ಟು ಹೇಳಿದ್ದು ಮುಂದಿನ ಒಂದು ಮಾತಿಗಾಗಿ. ನಮ್ಮ ಮೂತ್ರಪಿಂಡಗಳ ಮೇಲೆ ಟೋಪಿಯಂತಿರುವ ಗ್ರಂಥಿಗಳು ಕಾರ್ಟಿಸಾಲ್ ಎಂಬ ರಸವನ್ನು ಸುರಿಸುತ್ತವೆ. ದೇಹದೊಳಗಿನ ಇಂತಹ ಗದ್ದಲಗಳು ಮಿತಿಮೀರದಂತೆ ಅಡಗಿಸುವುದು ಅದರ ಕೆಲಸಗಳಲ್ಲೊಂದು. ಈ ಗ್ರಂಥಿಯ ರಸಗಳ ಸಂಶೋಧನೆಗಾಗಿ ಕೆಂಡಾಲ್, ರೀಚ್‌ಸ್ಟೈನ್, ಹೆಂಚ್ ಎಂಬ ಮೂವರು 1950ರಲ್ಲಿ ನೊಬೆಲ್ ಬಹುಮಾನ ಪಡೆದರು. 1952ರಲ್ಲಿ ಅಮೆರಿಕದ ಸುಲ್ಜ್‌ಬರ್ಗರ್ ಮತ್ತು ವಿಟ್ಟನ್ ಎಂಬ ವೈದ್ಯರು ಅದನ್ನು ಮುಲಾಮಾಗಿಸಿ ಚರ್ಮರೋಗಗಳಿಗೆ ಹಚ್ಚಿ ಯಶಸ್ಸು ಕಂಡರು. ಇಸಬು ಮೊದಲಾದ ಎಷ್ಟೋ ಕಾಯಿಲೆಗಳಲ್ಲಿ ಸ್ಟಿರಾಯ್ಡ್ ಮುಲಾಮು ರೋಗಿಗಳ ಬಾಳನ್ನೇ ಹಸನುಗೊಳಿಸಿದೆ. ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಅದು ಕೆಲಸ ಮಾಡುವ ರೀತಿ ನೋಡಿ. ಸ್ಟಿರಾಯ್ಡ್ ಕೋಶದೊಳಕ್ಕೆ ಹೋಗಿ, ಅಲ್ಲಿರುವ ತನ್ನ ಗ್ರಾಹಕದೊಡನೆ ಕೂಡಿ, ನೇರವಾಗಿ ಗ್ರಂಥದ ಬಳಿಗೇ ನಡೆಯುತ್ತದೆ. ಅಲ್ಲಿ ಫಾಸ್ ಮತ್ತು ಎನ್‌ಎಫ್-ಕಪ್ಪಾ-ಬಿಗಳ ಕೈ ಹಿಡಿಯುತ್ತದೆ. ಯಾವ ಕೈಗಳು ಎಚ್ಚರದ ಪುಟ ತೆರೆಯಬೇಕಾಗಿತ್ತೋ ಅವೇ ಕೈಗಳು. ಗದ್ದಲವಡಗುತ್ತದೆ, ಕೆಂಪು ಇಳಿಯುತ್ತದೆ, ತುರಿಕೆ ಎರಡೇ ದಿನಗಳಲ್ಲಿ ನಿಲ್ಲುತ್ತದೆ. ಶಿಲೀಂಧ್ರ ಮಾತ್ರ ಹೋಗಿರುವುದಿಲ್ಲ, ಅಡ್ಡಿಯಿಲ್ಲದೆ ಹಬ್ಬುತ್ತಿರುತ್ತದೆ.

ಇನ್ನು ನಮ್ಮ ಬೀದಿಯ ಕಥೆಗೆ ಬರೋಣ. ಒಂದು ಸಂಸಾರವನ್ನು ಊಹಿಸಿಕೊಳ್ಳಿ. ಮನೆಯ ಯಜಮಾನನಿಗೆ ತೊಡೆಸಂದಿಯಲ್ಲಿ ತುರಿಕೆ. ನಾಚಿಕೆಯಿಂದ ವೈದ್ಯರ ಬಳಿ ಹೋಗದೆ ಔಷಧದಂಗಡಿಯಲ್ಲಿ ಬೆರಳು ತೋರಿಸಿ ಒಂದು ಟ್ಯೂಬು ತರುತ್ತಾನೆ. ಅದರಲ್ಲಿ ಶಿಲೀಂಧ್ರದ ಔಷಧಿ, ಬ್ಯಾಕ್ಟೀರಿಯದ ಔಷಧಿ, ಜತೆಗೆ ಬಲವಾದ ಸ್ಟಿರಾಯ್ಡ್, ಮೂರೂ ಕೂಡಿವೆ. ಎರಡು ದಿನಗಳಲ್ಲಿ ಹಾಯೆನಿಸಿತು, ಹಚ್ಚುವುದನ್ನು ಬಿಟ್ಟ. ವಾರದಲ್ಲಿ ಮರಳಿತು, ಮತ್ತೆ ಹಚ್ಚಿದ. ಆ ವೇಳೆಗೆ ಹೆಂಡತಿಗೂ ಸೊಂಟದಲ್ಲಿ ಕಾಣಿಸಿಕೊಂಡಿತು. ಅವಳು ಕೇಳದೆಯೇ ಅದೇ ಟ್ಯೂಬನ್ನು ತೆಗೆದುಕೊಂಡಳು. ಮಗಳ ಕತ್ತಿಗೂ ಅದೇ ಆಯಿತು. ಮೇ ತಿಂಗಳಲ್ಲಿ ಊರಿಗೆ ಹೋಗುವಾಗ, ಮುಂಬಯಿಯ ಔಷಧಿ ಬಹಳ ಗುಣವೆಂದು ಅತ್ತೆಗೂ ಎರಡು ಟ್ಯೂಬು ಕೊಂಡೊಯ್ದರು. ಚಕ್ಕುಲಿ ಕೋಡುಬಳೆಗಳು ಆ ಕಡೆಯಿಂದ ಬರುವಂತೆ ಈ ಕಡೆಯಿಂದ ಟ್ಯೂಬುಗಳು ಹೋಗುತ್ತವೆ. ವರ್ಷ ತುಂಬುವುದರೊಳಗೆ ರೋಗ ಮನೆಯ ಖಾಯಂ ಸದಸ್ಯನಾಯಿತು.

ಕೊನೆಗೆ ವೈದ್ಯರಲ್ಲಿಗೆ ಹೋದಾಗ ಅವರಿಗೂ ಗುರುತಿಸುವುದು ಕಷ್ಟವಾಗುತ್ತದೆ. ಉಂಗುರ ಉಂಗುರವಾಗಿ ಉಳಿದಿರುವುದಿಲ್ಲ. ಒಂದರೊಳಗೊಂದು ಸುತ್ತುಗಳಾಗಿರುತ್ತವೆ, ಇಲ್ಲವೆ ಬರಿಯ ಮಾಸಲು ಕಲೆಯಾಗಿರುತ್ತದೆ. ಸ್ಟಿರಾಯ್ಡಿನಿಂದ ವೇಷ ಮರೆಸಿಕೊಂಡ ಈ ಹುಳುಕಡ್ಡಿಗೆ 1968ರಲ್ಲಿ ಐವ್ ಮತ್ತು ಮಾರ್ಕ್ಸ್ ಎಂಬ ಇಂಗ್ಲೆಂಡಿನ ವೈದ್ಯರು ಟೀನಿಯಾ ಇನ್‌ಕಾಗ್ನಿಟೊ ಎಂದು ಹೆಸರಿಟ್ಟಿದ್ದರು. ಅಜ್ಞಾತವಾಸದ ಹುಳುಕಡ್ಡಿ ಎನ್ನೋಣ. ಇದರ ಜತೆಗೆ ಚರ್ಮ ತೆಳುವಾಗುತ್ತದೆ. ತೊಡೆಯಲ್ಲಿ, ಕಂಕುಳಲ್ಲಿ ಬಸುರಿಯರ ಹೊಟ್ಟೆಯ ಮೇಲಾಗುವಂತಹ ಬಿರುಕಿನ ಗೆರೆಗಳು ಮೂಡುತ್ತವೆ. ಹುಳುಕಡ್ಡಿ ಗುಣವಾದ ಮೇಲೂ ಆ ಗೆರೆಗಳು ಅಳಿಯುವುದಿಲ್ಲ. ಹದಿನಾರರ ಹುಡುಗಿಯ ಮೈಮೇಲೆ ಇಂತಹ ಗೆರೆ ಬಿದ್ದರೆ ಆ ಮನೆಯಲ್ಲಿ ಎಷ್ಟು ಕಣ್ಣೀರು ಬೀಳುತ್ತದೆಂಬುದನ್ನು ನಾವು ವಿವರಿಸಬೇಕಾಗಿಲ್ಲ.

ನಮ್ಮ ದೇಶದ ಚರ್ಮವೈದ್ಯರ ಸಂಘ ಈ ವಿಷಯದಲ್ಲಿ ಬಹಳ ದಿನಗಳಿಂದ ಎಚ್ಚರಿಕೆ ಕೊಡುತ್ತ ಬಂದಿದೆ. 2018ರಲ್ಲಿ ಕೇಂದ್ರ ಸರಕಾರ 14 ಬಗೆಯ ಸ್ಟಿರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು ನಿಯಮ ಬಿಗಿಗೊಳಿಸಿತು. ಆದರೆ ಚೀಟಿ ಕೇಳದ ಅಂಗಡಿಗಿಂತ ಚೀಟಿ ತರದ ಗಿರಾಕಿಯೇ ದೊಡ್ಡ ಸಮಸ್ಯೆ ಎಂದು ನಮ್ಮ ಅಭಿಪ್ರಾಯ. ಟ್ಯೂಬಿನ ಮೇಲಿನ ಸಣ್ಣ ಅಕ್ಷರಗಳನ್ನು ಓದುವ ಅಭ್ಯಾಸ ಮಾಡಿಕೊಳ್ಳೋಣ. ಬೀಟಾಮೆಥಾಸೋನ್, ಮೊಮೆಟಸೋನ್, ಬೆಕ್ಲೊಮೆಥಾಸೋನ್ ಎಂದು ‘ಸೋನ್’ನಲ್ಲಿ ಮುಗಿಯುವ ಹೆಸರುಗಳು ಸ್ಟಿರಾಯ್ಡುಗಳು. ಕ್ಲೊಬೆಟಸಾಲ್ ಎಂಬುದಂತೂ ಅವುಗಳಲ್ಲೆಲ್ಲ ಅತಿ ಬಲಿಷ್ಠವಾದವುಗಳಲ್ಲೊಂದು. ಕ್ಲೊಟ್ರಿಮಜೋಲ್, ಕೀಟೊಕೊನಜೋಲ್ ಎಂದು ‘ಅಜೋಲ್’ನಲ್ಲಿ ಮುಗಿಯುವವು ಶಿಲೀಂಧ್ರದ ಔಷಧಿಗಳು. ಕ್ಲೊಬೆಟಸಾಲ್, ಕ್ಲೊಟ್ರಿಮಜೋಲ್ ಎರಡೂ ‘ಕ್ಲೊ’ ಎಂದೇ ಆರಂಭವಾಗುತ್ತವೆ. ಒಂದು ಮಿತ್ರ, ಇನ್ನೊಂದು ಈ ರೋಗದಲ್ಲಿ ಶತ್ರುವಿನ ಮಿತ್ರ.

ಇದೇ ಪಾಠವನ್ನು 2021ರ ಬೇಸಗೆ ನಮಗೆ ಬಹು ಕಠಿಣವಾಗಿ ಕಲಿಸಿತು. ಕೋವಿಡಿನಿಂದ ಚೇತರಿಸಿಕೊಳ್ಳುತ್ತಿದ್ದ ಎಷ್ಟೋ ಮಂದಿಗೆ ‘ಕಪ್ಪು ಶಿಲೀಂಧ್ರ’ ಮೂಗಿನಿಂದ ಕಣ್ಣಿಗೆ, ಕಣ್ಣಿನಿಂದ ಮಿದುಳಿಗೆ ಏರಿತು. ಮಹಾರಾಷ್ಟ್ರ, ಕರ್ನಾಟಕ ಎರಡೂ ಕಡೆ ಅನೇಕರು ಕಣ್ಣನ್ನು, ಹಲವರು ಪ್ರಾಣವನ್ನೇ ಕಳೆದುಕೊಂಡರು. ಆ ಮೇ ತಿಂಗಳಲ್ಲಿ ಕೇಂದ್ರ ಸರಕಾರ ಇದನ್ನು 1897ರ ಸಾಂಕ್ರಾಮಿಕ ರೋಗಗಳ ಕಾಯಿದೆಯಡಿ ಸೇರಿಸುವಂತೆ ರಾಜ್ಯಗಳಿಗೆ ಸೂಚಿಸಬೇಕಾಯಿತು. ಹಳಸಿದ ರೊಟ್ಟಿಯ ಮೇಲೆ ಬೆಳೆಯುವ ಬೂಷ್ಟಿನ ಕುಲದ್ದೇ ಈ ಶಿಲೀಂಧ್ರ. ರಕ್ತದ ಸಕ್ಕರೆ ಏರಿದಾಗ ಮೂಗಿನ ಒಳಪದರದ ಕೋಶಗಳು ಜಿಆರ್‌ಪಿ-78 ಎಂಬ ಪ್ರೋಟೀನಿನ ಪುಟವನ್ನು ಹೆಚ್ಚಾಗಿ ತೆರೆಯುತ್ತವೆ. ಶಿಲೀಂಧ್ರ ಅದನ್ನೇ ಹಿಡಿಕೆ ಮಾಡಿಕೊಂಡು ಒಳಗೆ ಇಳಿಯುತ್ತದೆ. ಪ್ರಾಣ ಉಳಿಸಲು ಸ್ಟಿರಾಯ್ಡ್ ಬೇಕಾಗಿದ್ದವರೂ ಇದ್ದರು, ನಿಜ. ಬೇಡದಿದ್ದವರೂ ಯಾರೋ ಕಳುಹಿಸಿದ ಚೀಟಿ ನೋಡಿ ನುಂಗಿದ್ದೂ ನಿಜ. ಸ್ಟಿರಾಯ್ಡ್ ಸಕ್ಕರೆಯನ್ನು ಏರಿಸಿತು, ಕಾವಲನ್ನು ತಗ್ಗಿಸಿತು.

ಈ ಕಾಯಿಲೆ ವಂಶದಿಂದ ಬರುತ್ತದೆಯೆ ಎಂದು ಹೆಣ್ಣು ಗಂಡು ನೋಡುವ ಸಂದರ್ಭದಲ್ಲಿ ಕೇಳುವವರಿದ್ದಾರೆ. ಶಿಲೀಂಧ್ರವನ್ನು ಎದುರಿಸುವ ಪುಟವೇ ಹುಟ್ಟಿನಿಂದ ಕೆಟ್ಟಿರುವುದು ಬಹು ಅಪರೂಪ. ಅಲ್ಜೀರಿಯಾ, ಟ್ಯುನೀಸಿಯಾ, ಮೊರಾಕ್ಕೊ ದೇಶಗಳ 8 ಕುಟುಂಬಗಳ 17 ರೋಗಿಗಳಲ್ಲಿ ಹುಳುಕಡ್ಡಿಯ ಶಿಲೀಂಧ್ರ ಚರ್ಮವನ್ನು ದಾಟಿ ಆಳಕ್ಕಿಳಿದಿತ್ತು. ಕಾರ್ಡ್-9 ಎಂಬ ವಂಶವಾಹಿಯ ಎರಡು ಪ್ರತಿಗಳೂ ಕೆಟ್ಟಿದ್ದುದೇ ಕಾರಣವೆಂದು 2013ರಲ್ಲಿ ಪ್ರಕಟವಾಯಿತು. ತಂದೆಯಿಂದಲೂ ತಾಯಿಯಿಂದಲೂ ಕೆಟ್ಟ ಪ್ರತಿಯೇ ಬಂದಾಗ ಮಾತ್ರ ಹೀಗಾಗುತ್ತದೆ. ನಮ್ಮ ಮನೆಗಳಲ್ಲಿ ಎಲ್ಲರಿಗೂ ಬರುವುದಕ್ಕೆ ಕಾರಣ ರಕ್ತಕ್ಕಿಂತ ಹೆಚ್ಚಾಗಿ ಒಂದೇ ಟವೆಲು, ಒಂದೇ ಹಾಸಿಗೆ, ಒಂದೇ ಟ್ಯೂಬು. ಅದಕ್ಕಾಗಿ ಯಾವ ಹುಡುಗಿಯ ಮದುವೆಯೂ ನಿಲ್ಲಬೇಕಾಗಿಲ್ಲ.

ಹಾಗಾದರೆ ಮಾಡತಕ್ಕದ್ದೇನು? ತುರಿಕೆ ವಾರಕ್ಕೆ ಮೀರಿದರೆ ಚರ್ಮವೈದ್ಯರಿಗೆ ತೋರಿಸಿರಿ. ಅನುಮಾನವಿದ್ದರೆ ಅವರು ಹೊಟ್ಟನ್ನು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಈ ಹಿಂದೆ ಹಚ್ಚಿದ ಟ್ಯೂಬುಗಳನ್ನೆಲ್ಲ ಚೀಲದಲ್ಲಿ ಹಾಕಿಕೊಂಡು ಹೋಗಿ ತೋರಿಸಲು ಸಂಕೋಚ ಬೇಡ. ಔಷಧಿಯನ್ನು ಉಂಗುರದ ಅಂಚಿನಾಚೆಗೆ ಎರಡು ಬೆರಳಗಲದವರೆಗೂ ಹಚ್ಚಬೇಕು. ತುರಿಕೆ ನಿಂತಿತೆಂದು ನಿಲ್ಲಿಸದೆ, ವೈದ್ಯರು ಸಾಕೆನ್ನುವ ತನಕ ಮುಂದುವರಿಸಬೇಕು. ಮನೆಯಲ್ಲಿ ಬೇರೆಯವರಿಗೂ ಇದ್ದರೆ ಎಲ್ಲರೂ ಒಟ್ಟಿಗೇ ಚಿಕಿತ್ಸೆ ತೆಗೆದುಕೊಳ್ಳಬೇಕು, ಇಲ್ಲದಿದ್ದರೆ ಒಬ್ಬರಿಂದೊಬ್ಬರಿಗೆ ಮರಳುತ್ತಲೇ ಇರುತ್ತದೆ. ಟವೆಲು, ಒಳ ಉಡುಪುಗಳು ಪ್ರತಿಯೊಬ್ಬರಿಗೂ ಬೇರೆ ಇರಲಿ. ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿರಿ. ಬಿಸಿಲಿಲ್ಲದ ದಿನ ಹೊಲಿಗೆಯ ಪಟ್ಟಿಗಳ ಮೇಲೆ ಇಸ್ತ್ರಿ ಎಳೆಯಿರಿ. ಮಳೆಯಲ್ಲಿ ನೆಂದು ಬಂದವರು ಚಹಕ್ಕೆ ಮೊದಲು ಬಟ್ಟೆ ಬದಲಿಸಲಿ.

ಒಂದು ಎಚ್ಚರಿಕೆಯನ್ನು ಮರೆಯಬಾರದು. ದಮ್ಮಿಗೋ ಸಂಧಿವಾತಕ್ಕೋ ಬೇರೆ ಕಾಯಿಲೆಗೋ ವೈದ್ಯರು ಗೊತ್ತುಮಾಡಿ ಕೊಟ್ಟ ಸ್ಟಿರಾಯ್ಡನ್ನು ಈ ಬರಹ ಓದಿ ಯಾರೂ ತಾವಾಗಿ ನಿಲ್ಲಿಸಬಾರದು. ಹಾಗೆ ಥಟ್ಟನೆ ನಿಲ್ಲಿಸುವುದೂ ಅಪಾಯವೇ. ದಮ್ಮಿಗಾಗಿ ಸ್ಟಿರಾಯ್ಡ್ ಇರುವ ಇನ್‌ಹೇಲರ್ ಎಳೆಯುವವರು ಪ್ರತಿ ಸಲವೂ ನೀರಿನಿಂದ ಬಾಯಿ ಮುಕ್ಕಳಿಸಿ ಉಗುಳಿದರೆ, ಮೇಲೆ ಹೇಳಿದ ಕ್ಯಾಂಡಿಡ ಬಾಯಲ್ಲಿ ಮನೆ ಕಟ್ಟುವ ಸಂಭವ ಕಡಮೆ. ಔಷಧಿಯಲ್ಲಿ ದೋಷವಿಲ್ಲ, ದೋಷವಿರುವುದು ಕೇಳದೆ ಹಚ್ಚುವುದರಲ್ಲಿ.

ತುರಿಕೆ ಒಂದು ಕಾಟ, ಒಪ್ಪಿದೆವು. ಆದರೆ ಅದು ನಮ್ಮದೇ ಚರ್ಮ ನಮಗೆ ಕೊಡುತ್ತಿರುವ ವರದಿಯೂ ಹೌದು. ವರದಿ ತಂದವನ ಬಾಯಿ ಕಟ್ಟಿದರೆ ಮನೆಯೊಳಗಿನ ಕಳ್ಳ ಹೋಗುವುದಿಲ್ಲ. ಈ ಪುಟವನ್ನು ಓದಿದ ಮೇಲೆ ನಮ್ಮ ವಾಚಕರು ಮನೆಯ ಔಷಧಿಯ ಡಬ್ಬಿಯನ್ನೊಮ್ಮೆ ತೆರೆದು, ಅರ್ಧ ಹಿಂಡಿದ ಟ್ಯೂಬುಗಳ ಮೇಲಿನ ಹೆಸರುಗಳನ್ನು ಮಕ್ಕಳಿಂದ ಗಟ್ಟಿಯಾಗಿ ಓದಿಸಬೇಕೆಂದು ನಮ್ಮ ವಿನಂತಿ. ಹಾಗೆಯೇ ಸೊಸೆ ಅತ್ತೆಗೆ, ಮಗ ತಂದೆಗೆ, ತಂಗಿ ಅಕ್ಕನಿಗೆ ‘ನನಗೆ ಇಲ್ಲಿ ತುರಿಸುತ್ತಿದೆ’ ಎಂದು ನಾಚದೆ ಹೇಳಿಕೊಳ್ಳುವ ವಾತಾವರಣ ನಮ್ಮ ಮನೆಗಳಲ್ಲಿ ಬೆಳೆಯಲಿ. ಊರಿಗೆ ಹೋಗುವಾಗ ಟ್ಯೂಬಿನ ಬದಲು ಈ ಮಾತನ್ನೇ ಕೊಂಡೊಯ್ದರೆ ಇನ್ನೂ ಒಳಿತು.